ಐಸಮ್ಮ ವಿಮಾನಕ್ಕೆ ಕಾದದ್ದು

ಬಜಪೆಗೆ ವಿಮಾನ ಬರಲು ಶುರುವಾದ ಮೇಲೆ ಕಾವೂರಿನ ಗಂಡಸರ ಬಾಯಲ್ಲಿ ಬೊಂಬಾಯಿ ನೆರೆಮನೆಯಾಯಿತು. ಅವರಲ್ಲಿ ವಿಮಾನ ಹತ್ತಿದವನು ಒಬ್ಬನೂ ಇಲ್ಲ. ಆದರೂ ಮಾತಿಗೇನು ಸುಂಕವೇ? ಬಸ್ಸು, ರೈಲು ಹಿಡಿದರೆ ಎರಡು ಮೂರು ದಿನ. ವಿಮಾನದ ದಾರಿ ನಾನೂರು ಚಿಲ್ಲರೆ ಮೈಲಿ, ಮೂರೋ ನಾಲ್ಕೋ ಗಂಟೆ. ಬೆಳಗ್ಗೆ ಅಲ್ಲಿ ಚಹಾ ಕುಡಿದವನು ಮಧ್ಯಾಹ್ನದ ಊಟಕ್ಕೆ ಇಲ್ಲಿರಬಹುದು ಎನ್ನುತ್ತಿದ್ದರು. ಬಾಡಿಗೆ ಕಾರು ಓಡಿಸುವ ಹಸೈನಾರ್ ಇದನ್ನು ತಂಗಿ ಐಸಮ್ಮನಿಗೂ ಹೇಳಿದ. ಅವಳ ಗಂಡ ಮೂಸಬ್ಬ ಬೊಂಬಾಯಿಯ ಬಟ್ಟೆ ಅಂಗಡಿಯಲ್ಲಿದ್ದ. ಊರಿಗೆ ಬಂದು ಎರಡು ವರ್ಷ ಕಳೆದಿತ್ತು. ಆತ ಅಷ್ಟೇನೂ ದೂರವಿಲ್ಲ ಎಂದುಕೊಂಡರೆ ಐಸಮ್ಮನಿಗೆ ನಿದ್ದೆ ಹತ್ತುತ್ತಿತ್ತು.

ಮಗಳು ಹಬೀಬಾ ಹುಟ್ಟಿದ್ದು ಅವನು ಹೋದ ಮೇಲೆ. ಮಗು ತೊದಲು ಮಾತಾಡತೊಡಗಿತ್ತು. ಆ ಬೇಸಿಗೆಯಲ್ಲಿ ಜ್ವರ ಬಂದು, ಒಂದು ಬೆಳಗ್ಗೆ ತೀರಿಕೊಂಡಿತು. ಹಸೈನಾರ್ ಓಡಿಹೋಗಿ ಬೊಂಬಾಯಿಗೆ ತಂತಿ ಕೊಟ್ಟ. ಮಗು ತೀರಿಕೊಂಡಿತು ಎಂದಷ್ಟೇ ಬರೆಸಿದ. ಹೆತ್ತ ಅಪ್ಪನಿಗೆ ಬಾ ಎಂದು ಬೇರೆ ಹೇಳಬೇಕೇ?

ಮಯ್ಯತ್ತನ್ನು, ಎಂದರೆ ಹೆಣವನ್ನು, ಹೆಚ್ಚು ಹೊತ್ತು ಇಟ್ಟುಕೊಳ್ಳುವುದು ಬ್ಯಾರಿಗಳಲ್ಲಿ ಇಲ್ಲ. ಆದಷ್ಟು ಬೇಗ ಮಣ್ಣು ಮಾಡಬೇಕು. ಸಂಜೆಯೊಳಗೆ ಮುಗಿಸೋಣ ಎಂದು ಹಿರಿಯರು ಬಂದರು. ಯಾರೆದುರೂ ದನಿಯೆತ್ತದ ಐಸಮ್ಮ ಅಂದು ಬಾಗಿಲಿಗೆ ಅಡ್ಡ ನಿಂತಳು.

"ನಾಳೆ ವಿಮಾನ ಉಂಟಲ್ಲ. ಅಪ್ಪ ಒಮ್ಮೆ ಮುಖ ನೋಡಲಿ. ಆಮೇಲೆ ಕೊಂಡುಹೋಗಿ."

ಪಳ್ಳಿಯಲ್ಲಿ ನಮಾಜು ನಡೆಸುವ ಖತೀಬರು ಕೊನೆಗೆ ಒಪ್ಪಿದರು. ಬೈದವರೂ ಇದ್ದರು, ಬೈಯುವವರಿಗೆ ಯಾವ ಊರಿನಲ್ಲಿ ಬರ?

ಮರುದಿನ ವಿಮಾನ ಕಾವೂರಿನ ಮೇಲೆ ಹಾದು ಬಜಪೆಯಲ್ಲಿ ಇಳಿಯಿತು. ಹಸೈನಾರ್ ಮೊದಲೇ ಕಾರು ಒಯ್ದಿದ್ದ. ಐಸಮ್ಮ ಮುಚ್ಚದೆ ಇಟ್ಟಿದ್ದ ಮಗುವಿನ ಮುಖ ಒರೆಸಿ, ಹಣೆಗೂದಲು ಸರಿಮಾಡಿ ಕಾದಳು. ಕಾರು ಬಂತು. ಇಳಿದವನು ಹಸೈನಾರ್ ಒಬ್ಬನೇ. ಕೊನೆಯ ಪ್ರಯಾಣಿಕ ಹೊರಗೆ ಬರುವವರೆಗೂ ನಿಂತಿದ್ದೆ ಎಂದು ಹೇಳಿ ಅವನು ಅತ್ತುಬಿಟ್ಟ. ಆಮೇಲೆ ಮಗುವನ್ನು ಕೊಂಡುಹೋಗುವಾಗ ಯಾರೂ ಅವಳನ್ನು ಕೇಳಲಿಲ್ಲ, ಅವಳೂ ತಡೆಯಲಿಲ್ಲ.

ತಿಂಗಳು ಕಳೆದು ಮೂಸಬ್ಬ ಬಸ್ಸಿನಲ್ಲಿ ಬಂದ. ಕೈಕಾಲು ತೊಳೆದು, ಜಗಲಿಯಲ್ಲಿ ಕೂತು, ತಾನಾಗಿಯೇ ಹೇಳಿದ:

"ತಂತಿ ಸಿಕ್ಕುವಾಗ ಸಂಜೆ. ಅಷ್ಟರಲ್ಲಿ ದಫನ್ ಆಗಿರ್ತದೆ ಅಂತ ಎಣಿಸಿದೆ. ನಮ್ಮವರು ಯಾರಿಗಾದ್ರೂ ಕಾಯ್ತಾರಾ? ಅಲ್ಲಿಯ ಪಳ್ಳಿಯಲ್ಲೇ ಅವಳ ಮಯ್ಯತ್ ನಮಾಜು ಮಾಡಿದೆ."

ದೂರದಲ್ಲಿರುವವರು ಹಾಗೆಯೇ ಮಾಡುವುದು. ಟಿಕೆಟಿನ ದುಡ್ಡೂ ಅವನ ಕೈಯಲ್ಲಿತ್ತಂತೆ. ಐಸಮ್ಮನಿಗೆ ಸಿಟ್ಟಾದರೂ ಬಂದಿದ್ದರೆ ಒಳ್ಳೆಯದಿತ್ತು. ಜಗಳವಾಡಲು ಒಂದು ತಪ್ಪಾದರೂ ಬೇಕಲ್ಲ? ಆತ ತಮ್ಮವರ ಪದ್ಧತಿಯನ್ನು ನಂಬಿದ್ದ, ಇವಳು ವಿಮಾನವನ್ನು ನಂಬಿದ್ದಳು. ಎದುರಿಗೇ ಕೂತ ಗಂಡ ಅವಳಿಗೆ ಹಿಂದೆಂದಿಗಿಂತ ದೂರವಾಗಿ ಕಂಡ.

ಮಗುವಿನ ಮುಖ ಹೇಗಿತ್ತು ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಮರುದಿನ ಮಧ್ಯಾಹ್ನದವರೆಗೆ ಮುಚ್ಚಿರಲಿಲ್ಲ," ಎಂದಳು ಐಸಮ್ಮ.

ಅವನು ಕೇಳಿದ್ದು ಅದಲ್ಲ. ಆದರೆ ಅದಕ್ಕಿಂತ ಹೆಚ್ಚಿನದನ್ನು ಅವಳು ಅವನಿಗೆ ಎಂದೂ ಹೇಳಲಿಲ್ಲ.