ಆಯುಧಪೂಜೆಗೆ ತೊಳೆದ ಸೈಕಲ್ ಸಾಮಾನು

ಗಣೇಶ ಹಬ್ಬ ಮುಗಿದ ಮೊದಲ ಸೋಮವಾರ ಚಿಕ್ಕಲಸಂದ್ರದ ಸೈಕಲ್ ಅಂಗಡಿಯಾತ ನನಗೊಂದು ಸುದ್ದಿ ಕೊಟ್ಟ. ನನ್ನ ಹಳೆಯ ಲೇಡೀಸ್ ಸೈಕಲ್ಲಿಗೆ ಬೇಕಾದ ಕಾಟರ್ ಪಿನ್ ಇನ್ನು ಮುಂದೆ ಬರುವುದು ಅನುಮಾನ. ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಗಿಡ್ಡ ಉಕ್ಕಿನ ಪಿನ್ ಅದು.

“ಕಂಪನಿಯೋರು ನಿಲ್ಲಿಸ್ತಾರಂತೆ ಮೇಡಂ. ಬೇಕಿದ್ರೆ ಈಗ್ಲೇ ತಗೊಂಡ್ಬಿಡಿ.”

“ನಿಲ್ಲಿಸಿದಾರಾ, ನಿಲ್ಲಿಸ್ತಾರಂತಾ?”

“ನೀವು ಪೇಪರ್‌ನೋರು ಹಿಂಗೇ. ನಿಂತ್ಮೇಲೆ ಬಂದು ಯಾಕೆ ಹೇಳ್ಲಿಲ್ಲ ಅಂತೀರಾ.”

ಜಯನಗರದ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಕೆಲಸ ನನ್ನದು. ಒಬ್ಬರ ಮಾತು ನಂಬಿ ಸುದ್ದಿ ಹಾಕುವ ಅಭ್ಯಾಸವಿಲ್ಲ. ವಿಲ್ಸನ್ ಗಾರ್ಡನ್ನಿನ ಇನ್ನೊಂದು ಅಂಗಡಿಯಲ್ಲಿ ವಿಚಾರಿಸಿದೆ. ಅವರ ಬಳಿ ಪಿನ್ ಇರಲೇ ಇಲ್ಲ. ಬದಲಿಗೆ ಗೇರ್ ಸೈಕಲ್ ತೋರಿಸಿದರು. ಅಲ್ಲಿಗೆ ಖಚಿತವಾಯಿತು.

ಸ್ಕೂಟರ್ ಕಲಿಯಲು ಎರಡು ಸಲ ಹೋಗಿ, ಎರಡು ಸಲವೂ ನಮ್ಮದೇ ಗೇಟಿಗೆ ಗುದ್ದಿದವಳು ನಾನು. ಸುಬ್ರಹ್ಮಣ್ಯಪುರದ ಮನೆಯಿಂದ ಯಾರಿಗೂ ಕಾಯದೆ, ಸೀರೆಯುಟ್ಟೇ ಹತ್ತಿ ಹೊರಡಲು ನನಗಿರುವುದು ಈ ಸೈಕಲ್ ಒಂದೇ. ಪಿನ್ ಸಿಗದಿದ್ದರೆ ಅದು ಗುಜರಿಗೆ.

ಚಿಕ್ಕಲಸಂದ್ರಕ್ಕೆ ವಾಪಸ್ ಹೋಗಿ ಇದ್ದಬದ್ದ ಪಿನ್ನುಗಳನ್ನೆಲ್ಲ ಕೊಂಡೆ. ಜೊತೆಗೆ ಚಕ್ರದ ಬೇರಿಂಗ್ ಗುಂಡುಗಳು. ಎಲ್ಲಕ್ಕೂ ಗ್ರೀಸ್ ಮೆತ್ತಿ, ನಮ್ಮದೇ ಪತ್ರಿಕೆಯಲ್ಲಿ ಸುತ್ತಿ, ಬಿಸ್ಕತ್ ಡಬ್ಬಕ್ಕೆ ತುಂಬಿ ಅಟ್ಟಕ್ಕೇರಿಸಿದೆ.

“ಸೈಕಲ್ ಓಡಿಸ್ತೀಯೋ, ಅಂಗಡಿ ಇಡ್ತೀಯೋ?” ಎಂದರು ನನ್ನ ಗಂಡ.

“ನಿಮ್ ಸ್ಕೂಟರ್ ಕೆಟ್ಟಾಗ ಡಬಲ್ಸ್ ಕರ್ಕೊಂಡ್ ಹೋಗ್ತೀನಿ, ಸುಮ್ನಿರಿ.”

ಆಯುಧಪೂಜೆಯ ದಿನ ಕಚೇರಿಯಲ್ಲಿ ಕಂಪ್ಯೂಟರುಗಳಿಗೆಲ್ಲ ಕುಂಕುಮ ಇಟ್ಟು, ಪುರಿ-ಕಡಲೆ ತಿಂದು, ಮಧ್ಯಾಹ್ನ ಮನೆಗೆ ಬಂದೆ. ದೇವರ ಮುಂದಿನ ಬಾಳೆ ಎಲೆಯ ಮೇಲೆ ಈಳಿಗೆಮಣೆ, ಸುತ್ತಿಗೆ, ಕತ್ತರಿ. ಅವುಗಳ ಪಕ್ಕದಲ್ಲಿ, ಕನ್ನಡಿಯಂತೆ ಹೊಳೆಯುತ್ತ, ನನ್ನ ಪಿನ್ನುಗಳು. ಒಂದೊಂದಕ್ಕೂ ಗಂಧ, ಕುಂಕುಮ, ಒಂದೊಂದು ಎಸಳು ಚೆಂಡುಹೂವು. ಬೇರಿಂಗ್ ಗುಂಡುಗಳು ಬೆಳ್ಳಿ ಬಟ್ಟಲಲ್ಲಿ.

“ಅತ್ತೆ, ಇದನ್ನ ಏನ್ ಮಾಡಿದ್ರಿ?”

“ಅಟ್ಟದಿಂದ ಡಬ್ಬ ಇಳಿಸಿ, ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ ಕಣೆ. ಕೈಯೆಲ್ಲ ಬಿದ್ದೋಯ್ತು. ಎಷ್ಟು ಜಿಡ್ಡು ಹಿಡ್ಸಿದ್ದೆ ಮಾರಾಯ್ತಿ! ಹಂಗೇ ದೇವರ ಮುಂದೆ ಇಡ್ತಾರಾ?”

“ಒರೆಸಿ ಮತ್ತೆ ಗ್ರೀಸ್ ಹಚ್ತೀನಿ. ತುಕ್ಕು ಹಿಡಿಯತ್ತೆ.”

“ಮುಟ್ಬೇಡ! ಪೂಜೆಗೆ ಇಟ್ಟಿದ್ದನ್ನ ನಾಳೆ ಮಂಗಳಾರತಿ ಆಗೋವರ್ಗೂ ಕದಲಿಸೋ ಹಂಗಿಲ್ಲ.”

ಗಂಡನ ಕಡೆ ನೋಡಿದೆ. ಅವರು ಸ್ಕೂಟರಿಗೆ ಹಾರ ಕಟ್ಟುವುದರಲ್ಲಿ ಮಗ್ನರಾಗಿದ್ದರು.

ವಿಜಯದಶಮಿಯ ಮಂಗಳಾರತಿ ಆಯಿತು. ಗಂಧ ಒಣಗಿದ ಕಡೆಯೆಲ್ಲ ಪಿನ್ನುಗಳಿಗೆ ಕಂದು ಮಚ್ಚೆ ಎದ್ದಿತ್ತು. ಗುಂಡುಗಳು ಪೂರ್ತಿ ತುಕ್ಕಿನ ಬಣ್ಣಕ್ಕೆ ತಿರುಗಿ, ಒಂದಕ್ಕೊಂದು ಅಂಟಿಕೊಂಡಿದ್ದವು.

“ಕಳಪೆ ಸಾಮಾನು ಕೊಟ್ಟಿದಾನೆ ನಿಂಗೆ,” ಎಂದರು ಅತ್ತೆ. “ನನ್ನ ಈಳಿಗೆಮಣೆ ನೋಡು. ನಮ್ಮಮ್ಮ ಕೊಟ್ಟಿದ್ದು. ಎಲ್ಲಾದ್ರೂ ಒಂದು ಚುಕ್ಕೆ ಇದ್ಯಾ?”

“ಅದನ್ನೂ ಉಪ್ಪು ಹಾಕಿ ಉಜ್ಜಿದ್ರಾ?”

“ಅದಕ್ಯಾಕೆ ಉಪ್ಪು? ದಿನಾ ತೊಳೆದು ಒರೆಸಿ ಎಣ್ಣೆ ಸವರ್ತೀನಿ.”

“ಇದಕ್ಕೆ ಹಚ್ಚಿದ್ದ ಜಿಡ್ಡೂ ಅದಕ್ಕೇ, ಅತ್ತೆ.”

ಅವರು ಒಮ್ಮೆ ಈಳಿಗೆಮಣೆಯನ್ನೂ ಒಮ್ಮೆ ಬಟ್ಟಲನ್ನೂ ನೋಡಿದರು. “ಮೊದ್ಲೇ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ,” ಎಂದು ಒಳಗೆ ಹೋದವರು ಸೀಮೆಎಣ್ಣೆ ಶೀಸೆ, ಮಾವನವರ ಹಳೆಯ ಪಂಚೆಯ ತುಂಡು ಹಿಡಿದು ಬಂದರು. ಗುಂಡುಗಳು ಉಳಿಯಲಿಲ್ಲ, ಎಸೆದೆವು. ಪಿನ್ನುಗಳನ್ನು ಇಬ್ಬರೂ ಹಜಾರದಲ್ಲಿ ಕೂತು ಉಜ್ಜಿದೆವು. ಮಚ್ಚೆಗಳು ಮೇಲ್ಮೇಲಿನವು, ಹೋದವು. ನಾನು ಗ್ರೀಸ್ ಡಬ್ಬಿ ತೆಗೆದರೆ, “ಅದು ನಾತ,” ಎಂದು ಅವರು ಹರಳೆಣ್ಣೆಯನ್ನೇ ಹಚ್ಚಿದರು.

ಹೋದ ವಾರ ಸೈಕಲ್ಲಿನ ಎಡಗಡೆಯ ಪೆಡಲ್ ಲೊಟಲೊಟ ಎನ್ನತೊಡಗಿತು. ಚಿಕ್ಕಲಸಂದ್ರದಾತ ಹಳೆಯ ಪಿನ್ ಹೊಡೆದು ತೆಗೆದು, ನಾನು ಕೊಟ್ಟದ್ದನ್ನು ಮೂಸಿ ನೋಡಿ, “ಇದೇನ್ ಮೇಡಂ, ತಲೆಗ್ ಹಚ್ಕೊಳ್ಳೋ ಎಣ್ಣೆ?” ಎಂದ. ಒರೆಸಿ ಬಿಗಿದು ಕೊಟ್ಟ. ಇವತ್ತು ಬೆಳಗ್ಗೆ ಜಯನಗರ ತಲುಪುವವರೆಗೆ ಪೆಡಲ್ ಅಲ್ಲಾಡಿಲ್ಲ.