ತಂಗಿಯ ಸೈಟಿಗೆ ಕದ್ದು ಹೋಗುತ್ತಿದ್ದ ದಿನಗಳು

ದಾಯಾದಿ ಮತ್ಸರ ಎನ್ನುವುದು ಗಂಡಸರ ನಡುವಿನದು, ಗದ್ದೆ ಬದುವಿಗೆ ಸಂಬಂಧಪಟ್ಟದ್ದು ಎಂದೇ ನಾನು ತಿಳಿದಿದ್ದೆ. ನನಗೆ ಅದು ಚಿಕ್ಕಪ್ಪನ ಮಗಳ ಮೇಲೆ ಬಂತು, ಅದೂ ಒಂದು ವೆಬ್‌ಸೈಟಿನ ವಿಷಯಕ್ಕೆ.

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಅಂಗಡಿ. ಲಗ್ನಪತ್ರಿಕೆ ಟೈಪು ಮಾಡುತ್ತ ಶುರು ಮಾಡಿದವನು ಆಮೇಲೆ ವೆಬ್‌ಸೈಟು ಮಾಡುವುದನ್ನು ಕಲಿತೆ. ಹಾಸನದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ವಧೂವರರ ಮಾಹಿತಿ ಕೇಂದ್ರ ನಡೆಸುತ್ತಾರೆ. ಅವರ ಸೈಟನ್ನು ಏಳು ವರ್ಷ ನಾನೇ ನೋಡಿಕೊಂಡೆ. ಹುಡುಗನ ಕಡೆಯವರು ಜಾತಕದ ಜೊತೆಗೆ ಪಹಣಿ ಕೊಡಬೇಕು, ಹುಡುಗಿಯ ಕಡೆಯವರು ಫೋಟೊ ಕೊಟ್ಟರೆ ಸಾಕು. ಎಲ್ಲರ ಹೆಸರಿನ ಪಕ್ಕದಲ್ಲೂ ಮೇಷ್ಟ್ರದೇ ಒಂದು ಷರಾ ಇರುತ್ತಿತ್ತು. ‘ತಂದೆ ಸ್ವಲ್ಪ ಮುಂಗೋಪಿ.’ ‘ಹುಡುಗ ಎಲೆಅಡಿಕೆ ಬಿಟ್ಟಿದ್ದಾನೆ ಅಂತಾರೆ, ವಿಚಾರಿಸಬೇಕು.’ ‘ಒಂದು ಕಡೆ ಒಪ್ಪಿಗೆಯಾಗಿ ಮುರಿದಿದೆ, ಹುಡುಗಿಯ ತಪ್ಪಿಲ್ಲ.’ ಮೊದಲು ಇವನ್ನೆಲ್ಲ ಒಂದು ನೋಟ್ ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿ ಇಡುತ್ತಿದ್ದರು. ಸೈಟಿಗೇ ಹಾಕಿಬಿಡಿ ಸಾರ್, ಲಾಗಿನ್ ಇರುವ ನಮ್ಮಿಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ ಎಂದು ಭರವಸೆ ಕೊಟ್ಟವನು ನಾನು.

ಚಿಕ್ಕಪ್ಪನ ಮಗಳಾದ ಈ ತಂಗಿ ಅರಕಲಗೂಡಿನಲ್ಲಿದ್ದಾಳೆ. ಹೈಸ್ಕೂಲು ರಜೆಯಲ್ಲಿ ನನ್ನ ಅಂಗಡಿಗೆ ಬಂದು, ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಕೀಬೋರ್ಡು ಕಲಿತವಳು. ಅವಳು ಈಗ ಎಐ ಇಟ್ಟುಕೊಂಡು ಮನೆಯಲ್ಲೇ ಸೈಟು ಮಾಡುತ್ತಾಳೆ ಎಂದು ಕೇಳಿದಾಗ ಮೊದಲು ನಕ್ಕೆ. ಮೇಷ್ಟ್ರು ಫೋನು ಮಾಡಿ, “ಬೇಜಾರ್ ಮಾಡ್ಕೋಬೇಡಪ್ಪ, ನಿನ್ನ ತಂಗೀನೇ ಅಲ್ವೇ, ಹೊಸದಾಗಿ ಮಾಡಿಕೊಡ್ತಾಳಂತೆ” ಎಂದ ದಿನ ನಗು ನಿಂತಿತು. ಮಧ್ಯಾಹ್ನದ ಊಟ ಸೇರಲಿಲ್ಲ. ಹೊಟ್ಟೆಕಿಚ್ಚು ಎನ್ನುವುದನ್ನು ನಮ್ಮ ಹಿರಿಯರು ಸುಮ್ಮನೆ ಹೊಟ್ಟೆಯಲ್ಲಿ ಇಟ್ಟಿಲ್ಲ.

ಹತ್ತೇ ದಿನದಲ್ಲಿ ಹೊಸ ಸೈಟು ಬಂತು. ನನ್ನ ಹಳೆಯ ಲಾಗಿನ್ ಹಾಕಿ ನೋಡಿದೆ. ಬಾಗಿಲು ತೆರೆಯಿತು. ಅವತ್ತಿನಿಂದ ಅಂಗಡಿ ಬಾಗಿಲು ಎತ್ತಿದ ಕೂಡಲೇ ನನ್ನ ಮೊದಲ ಕೆಲಸ ತಂಗಿಯ ಸೈಟಿನೊಳಗೆ ಹೋಗಿ ತಪ್ಪು ಹುಡುಕುವುದಾಯಿತು. ದೇವರಿಗೆ ಊದುಬತ್ತಿ ಹಚ್ಚುವುದೂ ಅದಾದ ಮೇಲೆ.

ತಪ್ಪು ಸುಲಭಕ್ಕೆ ಸಿಗಲಿಲ್ಲ. ಎಐ ಕೈಗೆ ಅವಳು ನಿಜವಾದ ಒಂದು ಹೆಸರನ್ನೂ ಕೊಟ್ಟಿರಲಿಲ್ಲ. ಎಲ್ಲ ಸುಳ್ಳು ಜಾತಕ ಬರೆದು ಪರೀಕ್ಷೆ ಮಾಡಿದ್ದು ಒಳಗೆ ಕಾಣುತ್ತಿತ್ತು. ನಾನಾದರೆ ಅಕಾರಾದಿಯಲ್ಲಿ ಜೋಡಿಸಿಕೊಡು ಎಂದು ಇಡೀ ಪಟ್ಟಿಯನ್ನೇ, ಫೋನ್ ನಂಬರಿನ ಸಮೇತ, ಒಮ್ಮೆ ಅದರ ಬಾಯಿಗೆ ಸುರಿದಿದ್ದೆ. ಮೇಷ್ಟ್ರು ಒಳಗೆ ಹೋಗಬೇಕಾದರೆ ಪಾಸ್‌ವರ್ಡಿನ ಜೊತೆಗೆ ಫೋನಿಗೆ ಓಟಿಪಿಯೂ ಬರುವಂತೆ ಮಾಡಿದ್ದಳು. ಅವಳಿಗೂ ಹಾಗೇ. ನನ್ನ ಹೆಸರಿಗೆ ಮಾತ್ರ ಓಟಿಪಿ ಇರಲಿಲ್ಲ. ಹಳಬನ ಲಾಗಿನ್ ತೆಗೆಯುವುದನ್ನೇ ಮರೆತಿದ್ದಾಳೆ! ನನಗಾದ ಸಂತೋಷ ಅಷ್ಟಿಷ್ಟಲ್ಲ. ಕೆಲಸ ಕೈ ಬದಲಾದಾಗ ಹಳಬರ ಲಾಗಿನ್ ತೆಗೆಯುವುದು ಈ ಕಸುಬಿನ ಮೊದಲ ಪಾಠ, ಅವಳಿಗೆ ಅದನ್ನು ಕಲಿಸಿದವನೇ ನಾನು. ಒಂದು ದಿನ ಮೇಷ್ಟ್ರ ಮುಂದೆ ಇದನ್ನು ಎತ್ತಬೇಕೆಂದು ಜೋಪಾನವಾಗಿ ಇಟ್ಟುಕೊಂಡೆ.

ಈ ನಡುವೆ ಅವಳ ಸೈಟಿನಷ್ಟು ಚೆಂದ ನಾನು ಮಾಡುವ ಸೈಟೂ ಕಾಣಬೇಕೆಂಬ ಹಟ ಬೇರೆ. ಪುಕ್ಕಟೆ ಡಿಸೈನು ಮಾಡಿಕೊಡುತ್ತದೆ ಎಂಬ ಯಾವುದೋ ಎಐ ಸೈಟಿಗೆ ಹೋಗಿ ಖಾತೆ ತೆರೆದೆ. ಮೇಷ್ಟ್ರ ಸೈಟಿಗೆ ಹಾಕುತ್ತಿದ್ದ ಅದೇ ಇಮೇಲು, ಅದೇ ಪಾಸ್‌ವರ್ಡು. ಮನೆದೇವರ ಹೆಸರು, ಮುಂದೆ ಒಂದು ಎರಡು ಮೂರು. ನನ್ನ ಜೀವಮಾನಕ್ಕೆಲ್ಲ ಒಂದೇ ಬೀಗದ ಕೈ. ಆ ಡಿಸೈನುಗಳೋ, ನೋಡುವ ಹಾಗಿರಲಿಲ್ಲ.

ಕೆಲವು ವಾರ ಕಳೆದು ಒಂದು ಬೆಳಿಗ್ಗೆ ತಂಗಿಯ ಫೋನು ಬಂತು.

“ಅಣ್ಣಾ, ನೆನ್ನೆ ಸೈಟ್ ಒಳಿಕ್ ನೀನ್ ಓಗಿದ್ದಾ?”

“ಇಲ್ಲ” ಎಂದೆ. ಹಿಂದಿನ ದಿನ ಊರಲ್ಲಿ ತಿಥಿ ಇತ್ತು. ನಾನು ಅಂಗಡಿಯನ್ನೇ ತೆರೆದಿರಲಿಲ್ಲ.

“ಅಂಗಾರೆ ಯಾರೋ ನಿನ್ ಎಸ್ರಲ್ಲಿ ಒಳಿಕ್ ಬಂದವ್ರೆ ಕಣಣ್ಣ. ಷರಾ ಎಲ್ಲಾ ತಗಂಡ್ ಓಗವ್ರೆ. ಚನ್ನರಾಯಪಟ್ಟಣದ್ ತಾವ್ಲೋರು ಒಬ್ರಿಗೆ ಫೋನ್ ಮಾಡಿ, ನಿಮ್ ಮಗ್ಳು ಮದ್ವೆ ಮಾತು ಮುರ್ದಿದ್ದು ಗೊತ್ತು, ದುಡ್ ಕೊಡ್ದಿದ್ರೆ ಊರ್ಗೆಲ್ಲಾ ಯೋಳ್ತೀವಿ ಅಂದವ್ರಂತೆ.”

ಆ ಪುಕ್ಕಟೆ ಡಿಸೈನಿನ ಸೈಟಿಗೆ ಇದೇ ಪಾಸ್‌ವರ್ಡು ಕೊಟ್ಟದ್ದು ನೆನಪಾಯಿತು, ಅಲ್ಲಿಂದಲೇ ಸೋರಿರಬೇಕು. ಆದರೂ ಮೊದಲು ಬಂದ ಮಾತು ಇದು: “ನನ್ನ ಲಾಗಿನ್ ನೀನ್ಯಾಕೆ ತೆಗೀಲಿಲ್ಲ?”

“ದಿನಾ ಬೆಳಿಗ್ಗೆ ನೀನ್ ಬಂದ್ ನೋಡ್ತಿದ್ದುದ್ದು ನಂಗೊತ್ತಿತ್ತು ಅಣ್ಣ. ಯಾರ್ ಯಾವಾಗ್ ಬಂದ್ರು ಅಂತ ಎಲ್ಲಾ ಬರ್ಕೊತದೆ ಅದು. ನಿನ್ ಎಸ್ರು ತಗ್ದಾಕಕ್ಕೆ ಕೈ ಬರ್ನಿಲ್ಲ. ದೊಡ್ಡೋನು ನೀನು, ಮಕುಕ್ಕೆ ಬಾಗ್ಲು ಆಕ್ದಂಗಾಯ್ತದೆ ಅನ್ನಿಸ್ತು. ಓಟಿಪಿ ಆಕುದ್ರೂ, ನೀನ್ ಬರದು ನಂಗೊತ್ತು ಅಂತ ನಿಂಗೆ ಗೊತ್ತಾಗ್ಬುಡ್ತಿತ್ತಲ್ಲ, ಅದ್ಕೇ ಅಂಗೇ ಬಿಟ್ಟಿದ್ದೆ.”

ಅಣ್ಣನ ಹತ್ತಿರ ಬೀಗದ ಕೈ ವಾಪಸ್ ಕೇಳುವುದು ಹೇಗೆ ಎಂಬ ಸಂಕೋಚ. ಅದನ್ನು ಮರೆವು ಎಂದುಕೊಂಡು ನಾನು ದಿನಾ ಕುಣಿದಿದ್ದೆ.

ಅವತ್ತೇ ಇಬ್ಬರೂ ಹಾಸನಕ್ಕೆ ಹೋದೆವು. ಮೇಷ್ಟ್ರ ಮನೆಯ ಜಗುಲಿಯಲ್ಲಿ ಚನ್ನರಾಯಪಟ್ಟಣದ ಆ ಹುಡುಗಿಯ ತಂದೆ ಕೂತಿದ್ದರು. ತೆಂಗಿನ ತೋಟದವರು, ಬಿಳಿ ಪಂಚೆ, ಕೈಯಲ್ಲಿ ಫೋನು. ಅದು ಮತ್ತೆ ಎಲ್ಲಿ ಬಡಿದುಕೊಳ್ಳುತ್ತದೋ ಎಂದು ಅದನ್ನೇ ನೋಡುತ್ತಿದ್ದರು. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ.

“ಮಗೀಗ್ ಇನ್ನೂ ಯೋಳಿಲ್ಲ ಸಾ” ಎಂದರು ಮೇಷ್ಟ್ರಿಗೆ. “ಗೊತ್ತಾದ್ರೆ ಉಣ್ಣಾದ್ ಬಿಟ್ಬುಡ್ತದೆ. ಆ ಮಾತು ನಿಮ್ತಾವ್ ಬಿಟ್ರೆ ಇನ್ನೊಬ್ರಿಗ್ ಯೋಳಿರ್ನಿಲ್ಲ ನಾವು.”

ಮೇಷ್ಟ್ರು ನಮ್ಮಿಬ್ಬರ ಕಡೆ ತಿರುಗಿದರು. “ಯಾರಿಂದಾಯ್ತಪ್ಪ ಇದು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನ ಪಾಡು ನನ್ನದು. ನಾನು ಬಾಯಿ ತೆರೆಯುವ ಮೊದಲೇ ತಂಗಿ, “ನನ್ ತಪ್ಪು ಸಾ. ಹಳೇ ಲಾಗಿನ್ ಒಂದು ತೆಗೀದೆ ಬಿಟ್ಟಿದ್ದೆ. ಈಗ ತೆಗ್ದಿದ್ದೀನಿ. ಷರಾನೆಲ್ಲ ಅಳಿಸ್ಬಿಟ್ಟಿದ್ದೀನಿ, ಅದು ಸೈಟಲ್ಲಿ ಇರ್ಲೇಬಾರ್ದಿತ್ತು. ಪೊಲೀಸ್‌ನೋರ್ಗೂ ದೂರು ಬರ್ದಿದ್ದೀನಿ” ಎಂದಳು. ಯಾರ ಲಾಗಿನ್ ಎಂದು ಅವಳು ಹೇಳಲಿಲ್ಲ. ಕೇಳುವುದು ಮೇಷ್ಟ್ರಿಗೆ ತೋಚಲಿಲ್ಲ.

ಹುಡುಗಿಯ ತಂದೆ ನನ್ನನ್ನು ನೋಡಿ, “ನೀವ್ ಅನುಬವ ಇರೋರು. ಈ ಎಣ್ಮಗೀಗೆ ಒಸಿ ಯೋಳ್ಕೊಡ್ಬಾರ್ದಿತ್ತಾ ಸಾ?” ಎಂದರು.

“ಹೇಳಿಕೊಡ್ತೀನಿ” ಎಂದೆ.

ತಂಗಿ ನೆಲ ನೋಡುತ್ತ, “ಹೂಂ, ಅಣ್ಣ ಹೇಳ್ಕೊಡ್ತಾನೆ” ಎಂದಳು. ಆಗಲೂ ನನಗೆ ನಾಚಿಕೆಗಿಂತ ಮುಂಚೆ ಬಂದದ್ದು ಹೊಟ್ಟೆಕಿಚ್ಚೇ. ನನಗಿಲ್ಲದ ಇಷ್ಟು ದೊಡ್ಡ ಮನಸ್ಸು ಇವಳಿಗೆಲ್ಲಿಂದ ಬಂತು ಎಂದು.

ಮುಂದಿನ ವಾರ ಮೇಷ್ಟ್ರು ಸೈಟನ್ನು ನನಗೇ ವಾಪಸ್ ಕೊಟ್ಟರು. ನಾನು ಬೇಡ ಎನ್ನಲಿಲ್ಲ. ತಂಗಿ ಎಲ್ಲವನ್ನೂ ಒಪ್ಪಿಸಿ, ತನ್ನ ಹೆಸರನ್ನು ತಾನೇ ತೆಗೆದು, ನನ್ನ ಫೋನಿಗೆ ಓಟಿಪಿ ಬರುವಂತೆ ಮಾಡಿಕೊಟ್ಟು ಹೋದಳು. ದಿನಾ ಬೆಳಿಗ್ಗೆ ಒಳಗೆ ಹೋದಾಗ ಚನ್ನರಾಯಪಟ್ಟಣದ ಆ ಹುಡುಗಿಯ ಫೋಟೊ ಇನ್ನೂ ಅಲ್ಲೇ ಇರುತ್ತದೆ, ಕೆಳಗೆ ಅವಳ ತಂದೆಯ ನಂಬರು. ಫೋನು ಮಾಡಿ ನಿಜ ಹೇಳಬೇಕೆಂದು ಆ ನಂಬರನ್ನು ಒತ್ತುತ್ತೇನೆ. ಅವರು “ಹಲೋ, ಯಾರು?” ಎನ್ನುವಾಗ ಆ ದನಿಯಲ್ಲೊಂದು ಹೆದರಿಕೆ ಇರುತ್ತದೆ. ನಾನು ಮಾತಾಡದೆ ಇಟ್ಟುಬಿಡುತ್ತೇನೆ.