ಹೊರಗೆ ಫ್ಯಾನು, ಒಳಗೆ ಶೇಗಡಿ

ಹದಿನೈದು ದಿನದ ಹಿಂದೆ ನಮ್ಮ ಮನೆಯಲ್ಲಿ ಎರಡು ರಿಪೇರಿ ಆದವು. ಹೊರಗಿನ ಖೋಲಿಯಲ್ಲಿ ಫ್ಯಾನು, ಒಳಗಿನ ಖೋಲಿಯಲ್ಲಿ ಶೇಗಡಿ. ಒಂದು ತಂಪಿಗೆ, ಒಂದು ಕಾವಿಗೆ. ನಡುವೆ ಒಂದೇ ಬಾಗಿಲು.

ಮೇ ತಿಂಗಳಲ್ಲಿ, ಅದೂ ಮುಂಬಯಿಯಲ್ಲಿ, ಕೆಂಡದ ಶೇಗಡಿಯೇ ಎಂದು ನೀವು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ನಾನು ಮಾತ್ರ ಕೇಳಲಿಲ್ಲ.

ನನ್ನ ಹೆಂಡತಿ ಗಿರಿಜಾ ಬಾಣಂತಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಧಾರವಾಡದ ಕಡೆಯ ಪದ್ಧತಿ. ನಾನು ಒಪ್ಪಲಿಲ್ಲ. ಇಷ್ಟು ದೊಡ್ಡ ಡಾಕ್ಟರುಗಳಿರುವ ಊರು ಬಿಟ್ಟು ಅಲ್ಲಿಗೇಕೆ ಹೋಗಬೇಕು ಎಂದು ವಾದಿಸಿದೆ (ಸುಧಾರಿಸಿದ ಮನುಷ್ಯ ನೋಡಿ). ಹೀಗಾಗಿ ತವರೇ ಸಯನ್ನಿನ ನಮ್ಮ ಎರಡು ಖೋಲಿಗೆ ಬಂತು. ಅತ್ತೆಯವರು ರೈಲಿಳಿದಾಗ ಒಂದು ಕೈಯಲ್ಲಿ ಗೋಣಿ ಸುತ್ತಿದ ಕಬ್ಬಿಣದ ಶೇಗಡಿ, ಇನ್ನೊಂದರಲ್ಲಿ ಅಂಟಿನ ಉಂಡೆಯ ಡಬ್ಬಿ.

ಪ್ರಯಾಣದಲ್ಲಿ ಶೇಗಡಿಯ ಒಳಗಿನ ಮಣ್ಣು ಬಿರುಕು ಬಿಟ್ಟಿತ್ತು. ಅತ್ತೆಯವರು ಎಲ್ಲಿಂದಲೋ ಜಿಗುಟು ಮಣ್ಣು ತಂದರು, ತೆಂಗಿನ ನಾರು ಬೆರೆಸಿ ನಾದಿದರು, ಎರಡು ದಿನ ಮನೆ ಮುಂದಿನ ಗ್ಯಾಲರಿಯಲ್ಲಿ ಒಣಗಿಸಿದರು. ಗಿರಿಜಾ ಮಗುವಿನೊಂದಿಗೆ ಆಸ್ಪತ್ರೆಯಿಂದ ಬರುವ ಹೊತ್ತಿಗೆ ಶೇಗಡಿ ಮಂಚದ ಕೆಳಗೆ ಸಿದ್ಧವಾಗಿತ್ತು. ಕಿಟಕಿಯ ಸಂದುಗಳಿಗೆ ನನ್ನ ಹಳೆಯ ಧೋತರದ ಚೂರುಗಳು. ಬಾಣಂತಿಯ ಕಿವಿಗೆ ಉಣ್ಣೆಯ ಪಟ್ಟಿ.

ಆಷಾಢದ ಗಾಳಿ ಹಲ್ಲು ಕಡಿಸುವ ಧಾರವಾಡದಲ್ಲಿ ಇದಕ್ಕೆಲ್ಲ ಅರ್ಥವಿದೆ. ಇಲ್ಲಿ ಕೂತಲ್ಲೇ ಬೆವರು ಸುರಿಯುತ್ತದೆ.

ಇನ್ನು ಫ್ಯಾನು. ಬೇಸಿಗೆ ಶುರುವಾಗುತ್ತಲೇ ಅದರ ಕಾಯಿಲ್ ಸುಟ್ಟುಹೋಗಿತ್ತು. ಅದನ್ನು ರಿಪೇರಿ ಮಾಡಿದವರು ಸಂಜೀವ. ಉಡುಪಿ ಕಡೆಯವರು, ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ನಮ್ಮ ಸುತ್ತಲಿನ ಬಿಲ್ಡಿಂಗುಗಳ ಫ್ಯಾನುಗಳಿಗೆಲ್ಲ ಅವರೇ ವೈದ್ಯರು. ಹೊಸ ತಂತಿ ಸುತ್ತಿ, ಬೇರಿಂಗ್ ಬದಲಿಸಿ, ಭಾನುವಾರ ಬೆಳಿಗ್ಗೆ ಹೆಗಲ ಮೇಲೆ ಹೊತ್ತು ತಂದರು. ಸ್ಟೂಲು ಹತ್ತಿದವರು ಮುಚ್ಚಿದ ಬಾಗಿಲಿನ ಕಡೆ ನೋಡಿದರು.

"ಒಳಗೆ ಸಹ ಕೊಂಡಿ ಉಂಟಲ್ಲ ಸಾರ್? ಬಾಣಂತಿ, ಮಗು ಇರುವುದು ಅಲ್ಲಿ. ಅಲ್ಲೇ ಹಾಕುವ."

ಒಳಗಿನಿಂದ ಅತ್ತೆಯವರ ಧ್ವನಿ ಬಂತು. ಬಾಣಂತಿಗೆ ಗಾಳಿ ತಾಕಬಾರದು, ಫ್ಯಾನು ಬೇಡವೇ ಬೇಡ. ನನಗೆ ಎಷ್ಟು ಸಮಾಧಾನವಾಯಿತು ಗೊತ್ತೇ? ಬೇಡ ಎಂದವರು ಅವರು, ನಾನಲ್ಲ. ಹೊರಗೇ ಇರಲಿ, ನನಗೆ ಬರೆಯುವ ಕೆಲಸವಿದೆ ಎಂದೆ. ಸಂಜೀವ ನನ್ನನ್ನು ಒಂದು ಸಲ ನೋಡಿ, ಸ್ಕ್ರೂ ಬಿಗಿದರು.

ಅದೇ ವಾರ ಗುರುವಾರ ಬೆಳಿಗ್ಗೆ ಲೋಕಲ್ ರೈಲು ಹಿಡಿಯುವ ಮುಂಚೆ ಈ ಪತ್ರಿಕೆಯ ನನ್ನ ವಾರದ ಅಂಕಣ ಮುಗಿಸೋಣವೆಂದು ಫ್ಯಾನಿನ ಕೆಳಗೆ ಕೂತಿದ್ದೆ. ಹೋದ ವಾರ ನೀವು ಓದಿದ ಬರಹವೇ ಅದು. ನಮ್ಮ ಹಳ್ಳಿಗಳ ಮೂಢನಂಬಿಕೆಗಳ ಮೇಲೆ! ಒಳಗೆ ಮಗು ಒಂದೇ ಸಮನೆ ಅಳುತ್ತಿತ್ತು. ಅಜ್ಜಿ ಇದ್ದಾರಲ್ಲ, ಸುಧಾರಿಸುತ್ತಾರೆ ಎಂದುಕೊಂಡೆ. ಅಜ್ಜಿ ಕೆಳಗೆ ನಲ್ಲಿಯ ಪಾಳಿಯಲ್ಲಿ ನಿಂತಿದ್ದರು. ಅದು ನೆನಪಾದದ್ದು ಒಂದು ಪ್ಯಾರಾ ಮುಗಿದ ಮೇಲೆ.

ಬಾಗಿಲು ತೆಗೆದೆ. ಝಳ ಮುಖಕ್ಕೆ ಬಡಿಯಿತು, ಕಣ್ಣು ಉರಿಯಿತು. ಗಿರಿಜಾ ಮಂಚದ ಅಂಚಿನಲ್ಲಿ ಕೂತು ತೊಟ್ಟಿಲ ಕಡೆ ಕೈ ಚಾಚಿದ್ದಳು. ಕೈ ಮುಟ್ಟುತ್ತಿರಲಿಲ್ಲ. ಹೆಸರು ಹಿಡಿದು ಕರೆದೆ. ನನ್ನತ್ತ ನೋಡಿದಳು, ಗುರುತು ಹಿಡಿಯಲಿಲ್ಲ. ಆಮೇಲೆ ಹಾಗೆಯೇ ಪಕ್ಕಕ್ಕೆ ವಾಲಿ ಬಿದ್ದಳು.

ಅವಳನ್ನು ಎತ್ತಿ ಗ್ಯಾಲರಿಗೆ ತಂದೆ, ಹಿಂದೆಯೇ ಮಗುವನ್ನು. ಅವಳ ಸೀರೆ ಹಿಂಡಿದರೆ ನೀರು ಸುರಿಯುವಂತಿತ್ತು. ಅಷ್ಟು ಹೆದರಿಕೆ ನನಗೆ ಹುಟ್ಟಿದ ಮೇಲೆ ಆಗಿರಲಿಲ್ಲ.

ನಮ್ಮ ಗಲ್ಲಿಯ ಮರಾಠಿ ಡಾಕ್ಟರು ಓಡಿಬಂದರು. ಅವಳಿಗೆ ಉಸಿರು ಸರಿಯಾದ ಮೇಲೆ ಒಳಗೆ ಹೋಗಿ ಕಿಟಕಿಯ ಚಿಂದಿಗಳನ್ನು ತಾವೇ ಕಿತ್ತೆಸೆದರು. ಮುಚ್ಚಿದ ಖೋಲಿಯಲ್ಲಿ ಇದ್ದಿಲ ಹೊಗೆ ವಿಷ, ಇನ್ನರ್ಧ ಗಂಟೆ ತಡವಾಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: ಈ ಖೋಲಿಯಲ್ಲಿ ನೀವು ಎಷ್ಟು ಹೊತ್ತು ಕೂತಿದ್ದೀರಿ?

ಕೂತಿರಲೇ ಇಲ್ಲ. ಬಾಣಂತಿಯ ಖೋಲಿಗೆ ಗಂಡಸರು ಕಾಲಿಡಬಾರದಲ್ಲ! ದಿನಕ್ಕೊಮ್ಮೆ ಹೊಸಿಲಲ್ಲಿ ನಿಂತು ಮಗುವಿನ ಮುಖ ನೋಡಿ, ಹಿಂದೆ ಸರಿದು ಬಾಗಿಲು ಎಳೆದುಕೊಳ್ಳುತ್ತಿದ್ದೆ. ಇಂಥ ಪದ್ಧತಿಗಳನ್ನು ನಾವು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತೇವೆ, ಅಲ್ಲವೇ?

ಅತ್ತೆಯವರು ಕೊಡ ಹೊತ್ತು ಮೇಲೆ ಬಂದಾಗ, ಇಡೀ ಬಿಲ್ಡಿಂಗಿಗೆ ಕೇಳುವಂತೆ ಬೈದೆ. ಹಳ್ಳಿ ಗುಗ್ಗು ಎಂದೆ. ಅವರು ಕೊಡ ಇಳಿಸಿ ಒಳಗೆ ಹೋದರು. ಮಧ್ಯಾಹ್ನ ಗೋಡೆಯ ಕಡೆ ಮುಖ ಮಾಡಿ ಕೂತು ಹೇಳಿದರು:

"ಹಿರೇಮಗಳು ಬಾಣಂತ್ಯಾಗ ಸನ್ನಿ ಹಿಡದು ಹೋದ್ಲು. ಗಾಳಿ ತಾಕೇತಿ ಅಂದ್ರು ಎಲ್ಲಾರೂ. ಇಕಿನ್ನೂ ಕಳಕೋಬಾರದು ಅಂತ ಕಿಡಕಿ ಮುಚ್ಚಿದ್ದೆ."

ಗಿರಿಜಾಳ ಅಕ್ಕ ಹೆರಿಗೆಯಾದ ಮೇಲೆ ತೀರಿಕೊಂಡದ್ದು ನನಗೆ ಗೊತ್ತಿತ್ತು. ಹೇಗೆ ಎಂದು ಒಂದು ದಿನವೂ ಕೇಳಿರಲಿಲ್ಲ. ಆ ತಾಯಿಗೆ ಹೆದರಿಕೆಯಿತ್ತು, ಅದಕ್ಕೆ ಮುಚ್ಚಿದರು. ನನಗೇನಿತ್ತು? ಫ್ಯಾನಿತ್ತು.

ಸಂಜೆ ಹೇಗೋ ಸುದ್ದಿ ತಿಳಿದ ಸಂಜೀವ ಕಾರ್ಖಾನೆಯಿಂದ ನೇರವಾಗಿ ಬಂದರು. ನನ್ನನ್ನು ಏನೂ ಕೇಳದೆ ಫ್ಯಾನು ಇಳಿಸಿ ಒಳಗೆ ತೂಗುಹಾಕಿದರು. ಸ್ಟೂಲು ಅಲುಗದಂತೆ ಹಿಡಿದುಕೊಂಡವರು ಅತ್ತೆಯವರು. ಶೇಗಡಿ ಗ್ಯಾಲರಿಗೆ ಹೋಯಿತು, ಈಗ ಅದರ ಮೇಲೆ ಸ್ನಾನದ ನೀರು ಕಾಯುತ್ತದೆ. ನಾನು? ಬರಹ ಮುಗಿಸಿ ಪೋಸ್ಟ್ ಮಾಡಿದೆ. ಹೌದು, ಅದೇ ದಿನ. ಮೆಚ್ಚಿ ಬಾಂದ್ರಾದ ಓದುಗರೊಬ್ಬರು ಕಾರ್ಡು ಬರೆದಿದ್ದಾರೆ, ನನ್ನಂಥವರು ಸಮಾಜದ ಕಣ್ಣು ತೆರೆಸುತ್ತಿದ್ದಾರಂತೆ. ಆ ಕಾರ್ಡನ್ನು ಹರಿಯಲೂ ಆಗುತ್ತಿಲ್ಲ, ಇಟ್ಟುಕೊಳ್ಳಲೂ ಆಗುತ್ತಿಲ್ಲ.

ಗಿರಿಜಾ ಈಗ ಎದ್ದು ಕೂತು ಗಂಜಿ ಕುಡಿಯುತ್ತಾಳೆ. ಮೊನ್ನೆ ಅವಳ ಪಕ್ಕದಲ್ಲಿ ಕೂತು, ಜೀವ ಹೋಗುವಂತಾಗಿದ್ದಾಗ ಒಂದು ಸಲ ಕೂಗಬಾರದಿತ್ತೇ ಎಂದು ಕೇಳಿದೆ. ಕೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಗದರಿಕೆಯೂ ಇತ್ತು.

"ಕೂಗಿದ್ನಲ್ಲರೀ," ಎಂದಳು. "ಎರಡ ಸರತಿ ಕೂಗಿದೆ. ನೀವು ಬರಿಲಿಕ್ಕ ಕೂತಿದ್ರಿ."

ಫ್ಯಾನಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂದೆ. ಅವಳು ಹೂಂ ಎಂದು ಮಗುವಿನ ಕಡೆ ತಿರುಗಿದಳು.

ರಿಪೇರಿಯಾದಂದಿನಿಂದ ನಮ್ಮ ಫ್ಯಾನು ಸದ್ದೇ ಮಾಡುವುದಿಲ್ಲ.